ಹುಕ್ಕೇರಿ ಸಂತೆಯಲ್ಲಿ ಬಿಚ್ಚಿದ ಅಂಗಿ

ಮೊಮ್ಮಗಳು ಹುಟ್ಟಿದ್ದಾಳೆ! ಇದನ್ನು ಬರೆಯದೆ ಬೇರೇನನ್ನೂ ಬರೆಯಲು ಕೈ ಏಳುತ್ತಿಲ್ಲ. ಮೂಡಲಗಿಯ ಹೆರಿಗೆ ಮನೆಯಲ್ಲಿ, ಕಬ್ಬಿಣದ ಮಂಚದ ಮೇಲೆ, ನರ್ಸಬಾಯಿಯ ಕೈಯಲ್ಲಿ ಹುಟ್ಟಿದ್ದಾಳೆ. ನನ್ನ ಮಗಳು ನೀಲವ್ವ ಆರಾಮ ಇದ್ದಾಳೆ, ಕೂಸು ಆರಾಮ ಇದೆ. ಅದರ ದನಿಯೋ, ಅದೇನು ದನಿ ಅಂತೀರಿ, ಗೋಡೆಯಾಚೆ ಕಟ್ಟಿದ್ದ ಎತ್ತು ಹೊಳ್ಳಿ ನೋಡಿತು. ಓಣಿ ಓಣಿ ತಿರುಗಿ ಸಕ್ಕರೆ ಹಂಚಿ ಬಂದು ಈಗ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದೇನೆ. ಮೊಣಕಾಲು ಎರಡೂ ಇನ್ನು ಏಳುವುದಿಲ್ಲ ಅನ್ನುತ್ತಿವೆ. ಬೇಡ, ಕೂತುಕೊಂಡೇ ಬರೆಯುತ್ತೇನೆ.

ಬರೆಯಬೇಕಾಗಿರುವುದು ಹುಡುಗರಿಗಾಗಿ. ಮುಂದಿನ ಚುನಾವಣೆಗೆ ಎಲ್ಲರಿಗೂ ಓಟು ಬರುತ್ತದಂತೆ. ಆ ಸುದ್ದಿ ಬಂದಾಗಿನಿಂದ ನಿಲ್ಲಬೇಕೆನ್ನುವ ಹುಡುಗರು ನನ್ನ ಕಟ್ಟೆಗೆ ಬರುತ್ತಾರೆ. “ಕಾಕಾ, ಮೆಂಬರಕಿ ಅಂದ್ರ ಹೆಂಗಿರತೈತ್ರಿ?” ಎಂದು ಕೇಳುತ್ತಾರೆ. ನಾನು ಓದಿದ್ದು ಮಮದಾಪುರದ ಸಾಲೆಯಲ್ಲಿ ಎರಡನೇ ಇಯತ್ತೆಯವರೆಗೆ. ಮುಂಬಯಿ ಅಸೆಂಬ್ಲಿಯ ಖುರ್ಚಿಯಲ್ಲಿ ಕುಳಿತದ್ದು ಖರೆ. ಆದರೆ ನನ್ನನ್ನು ಇಂದಿಗೂ ಯಾರೂ ಮೆಂಬರ ಎಂದು ಕರೆಯುವುದಿಲ್ಲ. ಪೈಲವಾನ ಬಾಳಪ್ಪ ಎಂದೇ ಕರೆಯುತ್ತಾರೆ. ಹೇಗಿರುತ್ತದೆ ಅಂದರೆ, ದಣಿವು. ಕುಸ್ತಿಯ ದಣಿವು ಎಣ್ಣೆ ತಿಕ್ಕಿ, ಬಿಸಿನೀರು ಹಾಕಿಕೊಂಡು ಮಲಗಿದರೆ ಹೋಗುತ್ತದೆ. ಇದು ಹೋಗುವುದಿಲ್ಲ.

ಮೊದಲು ತಾಲೀಮಿನ ಮಾತು. ಗರಡಿಗೆ ನಮ್ಮ ಕಡೆ ತಾಲೀಮು ಅನ್ನುತ್ತಾರೆ. ನಮ್ಮ ವಸ್ತಾದರು, ಅಂದರೆ ಕುಸ್ತಿಯ ಗುರುಗಳು, ಇಮಾಮಸಾಬ, ಹತ್ತಿ ಹಿಂಜುವ ಕೆಲಸದವರು. ಬೆಳಗಿನಲ್ಲಿ ನಮ್ಮ ಕಿವಿ ಹಿಂಡುತ್ತಿದ್ದರು, ಹೊತ್ತೇರಿದ ಮೇಲೆ ಹತ್ತಿ ಹಿಂಜುತ್ತಿದ್ದರು. ಅವರು ಕಲಿಸಿದ ಪಟ್ಟುಗಳು ಮೈಗೆ ಮರೆತುಹೋಗಿವೆ, ಮೂರು ಮಾತು ಮರೆತಿಲ್ಲ. ಕುಸ್ತಿಗೆ ಇಳಿಯುವ ಮೊದಲು ಎದುರಿನವನು ಹಿರಿಯನಾಗಿದ್ದರೆ ಅವನ ಮನೆಗೆ ಹೋಗಿ ಕಾಯಿ ಕೊಟ್ಟು ಕಾಲು ಮುಟ್ಟಬೇಕು. ಬೆನ್ನಿಗೆ ಮಣ್ಣು ಹತ್ತುವವರೆಗೆ ಸೋತೆ ಎಂದು ತಿಳಿಯಬಾರದು. ನಾವು ಎದೆಗೆ, ತೊಡೆಗೆ, ತೋಳಿಗೆ ಮಣ್ಣು ಹಚ್ಚಿಕೊಳ್ಳುತ್ತಿದ್ದೆವು, ಬೆನ್ನಿಗೆ ಮಾತ್ರ ಇಲ್ಲ. ತಕರಾರು ಬಂದರೆ ಪಂಚರು ಬೆನ್ನ ಮೇಲೆ ಅಂಗೈ ಸವರಿ ನೋಡಿ ತೀರ್ಪು ಕೊಡುತ್ತಿದ್ದರು. ಮೂರನೆಯದು, ನೂರಾ ಕುಸ್ತಿ ಆಡಬಾರದು. ಅಂದರೆ, ಯಾರು ಬೀಳಬೇಕೆಂದು ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ. ಅದನ್ನು ಆಡಿದವನು ಮತ್ತೆ ತಾಲೀಮಿನ ಹೊಸ್ತಿಲು ತುಳಿಯುವಂತಿಲ್ಲ.

ಪೈಲವಾನರು ತಡವಾಗಿ ಮದುವೆಯಾಗುವವರು. ನಾನೂ ಹಾಗೆಯೇ, ಮೈಯಲ್ಲಿ ಕುಸ್ತಿ ಮುಗಿಯುತ್ತ ಬಂದಾಗ ಗಂಗವ್ವನನ್ನು ಮದುವೆಯಾಗಿ ಮೂಡಲಗಿಯಲ್ಲಿ ಮನೆ ಮಾಡಿದೆ. ಚೊಚ್ಚಲ ಹೆರಿಗೆ. ಮಳೆಗಾಲದ ಒಂದು ಮುಂಜಾನೆ ಸೂಲಗಿತ್ತಿ ಹೊರಗೆ ಬಂದು ಕೈ ತೊಳೆದುಕೊಳ್ಳುತ್ತ, “ಇದು ನನ್ನ ಕೈಲೆ ಆಗೂದಲ್ಲೋ ಯಪ್ಪಾ, ಗೋಕಾಕ ದವಾಖಾನಿಗೆ ಒಯ್ಯಿ,” ಎಂದಳು. ಗಾಡಿ ಹೂಡಿದೆವು. ತುಕ್ಕಾನಟ್ಟಿ ದಾಟಿದ ಮೇಲೆ ಹಳ್ಳ ತುಂಬಿ ನಿಂತಿತ್ತು. ನೀರು ಇಳಿಯುವುದನ್ನು ಕಾಯುತ್ತ ದಂಡೆಯಲ್ಲಿ ನಿಂತೆವು. ಹೋರಿಯಂಥ ಗಂಡಸರನ್ನು ತಲೆಯ ಮೇಲೆ ಎತ್ತಿ ತಿರುಗಿಸಿ ಒಗೆದವನು ನಾನು. ಗಾಡಿಯ ಗಾಲಿ ಹಿಡಿದುಕೊಂಡು ಸುಮ್ಮನೆ ನಿಂತೆ. ಕೂಸು ಗಾಡಿಯಲ್ಲೇ ಹುಟ್ಟಿತು. ಅದೇ ನೀಲವ್ವ. ನೀರು ಇಳಿಯುವ ಹೊತ್ತಿಗೆ ಗಂಗವ್ವ ಇರಲಿಲ್ಲ.

ಮೆಂಬರ ಆಗಬೇಕೆಂದು ನನಗೆ ಅನ್ನಿಸಿರಲಿಲ್ಲ. ಮೂಡಲಗಿಯಲ್ಲಿ ಒಂದು ಹೆರಿಗೆ ಮನೆ ಆಗಬೇಕೆಂದು ಅನ್ನಿಸಿತ್ತು. ಆಗ ದವಾಖಾನೆಗಳೆಲ್ಲ ಜಿಲ್ಲಾ ಬೋರ್ಡಿನ ಕೈಯಲ್ಲಿ. ಬೋರ್ಡಿನ ಅಧ್ಯಕ್ಷರು ಯಮಕನಮರಡಿಯ ರುದ್ರಗೌಡ ವಕೀಲರು. ವರ್ಷಗಟ್ಟಲೆ ಅವರ ಪಡಸಾಲೆಯಲ್ಲಿ ಕುಳಿತೆ. ಪ್ರತಿ ಸಲವೂ ಚಹಾ ಕೊಡುತ್ತಿದ್ದರು, ಪ್ರತಿ ಸಲವೂ “ನೋಡೋಣ” ಎನ್ನುತ್ತಿದ್ದರು. ಅಷ್ಟರಲ್ಲಿ ಮುಂಬಯಿ ಅಸೆಂಬ್ಲಿಗೆ ಚುನಾವಣೆ ಬಂತು. ಗೋಕಾಕ, ಹುಕ್ಕೇರಿ ಎರಡೂ ತಾಲೂಕು ಕೂಡಿ ನಮ್ಮ ಕ್ಷೇತ್ರ. ವಕೀಲರು ನಿಂತರು. ಇಮಾಮಸಾಬ ವಸ್ತಾದರ ಮಗ ದಸ್ತಗೀರ ನನ್ನ ಗೆಳೆಯ, ಬಾಯಿ ಜೋರಿನವನು.

“ಪಡಸಾಲ್ಯಾಗ ಕುಂತು ಚಾ ಕುಡುದು ಸಾಕಾಗಿಲ್ಲೇನ್ಲೇ? ಅವರ ಎದುರ ನೀನ ನಿಲ್ಲು. ನಿನ್ನ ಕುಸ್ತಿ ನೋಡದವ್ರು ಈ ಎರಡು ತಾಲೂಕದಾಗ ಯಾರದಾರ?”

“ನನಗ ಮಾತಾಡಾಕ ಬರೂದಿಲ್ಲೋ.”

“ಮಾತು ನಾ ಆಡತೀನಿ. ನೀ ಬಾಜೂಕ ನಿಲ್ಲು ಸಾಕು.”

ಹಾಗೆ ನಿಂತೆ. ಎಲ್ಲ ಕಡೆಯೂ ಒಂದೇ ಮಾತು ಕೊಟ್ಟೆವು: ಮೊದಲು ಮೂಡಲಗಿಗೆ ಒಂದು ಹೆರಿಗೆ ಮನೆ, ಆಮೇಲೆ ಹುಕ್ಕೇರಿಗೆ ಒಂದು.

ಇನ್ನು ನನ್ನ ಮೊದಲ ಎಡವಟ್ಟು. ಎದುರಾಳಿ ವಯಸ್ಸಿನಲ್ಲಿ ಹಿರಿಯರು. ಅಖಾಡಕ್ಕೆ ಇಳಿಯುವ ಮೊದಲು ಏನು ಮಾಡಬೇಕೋ ಅದನ್ನು ಮಾಡಿದೆ. ಹೊಸ ರುಮಾಲು ಸುತ್ತಿ, ಕಾಯಿ ಹಿಡಿದು, ಹಗಲು ಹೊತ್ತಿನಲ್ಲಿ, ಯಮಕನಮರಡಿಯ ಮಂದಿಯೆಲ್ಲ ನೋಡುವಂತೆ ವಕೀಲರ ಮನೆಗೆ ಹೋಗಿ ಅವರ ಕಾಲು ಮುಟ್ಟಿದೆ. ಅವರು ನಕ್ಕು ಬೆನ್ನು ತಟ್ಟಿದರು. “ಛಲೋ ಆತು ಪೈಲವಾನ್ರ, ಭಾಳ ಛಲೋ ಆತು,” ಅಂದರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡು ಬಂದೆ. ನಾನು ಊರು ಮುಟ್ಟುವುದರೊಳಗೆ ಎರಡೂ ತಾಲೂಕಿನಲ್ಲಿ ಸುದ್ದಿ ಹಬ್ಬಿತ್ತು: ಪೈಲವಾನ ವಕೀಲರ ಕಾಲು ಹಿಡಿದ, ಚುನಾವಣೆ ಬಿಟ್ಟ.

ದಸ್ತಗೀರ ತಲೆ ಚಚ್ಚಿಕೊಂಡ. “ಅದು ಕುಸ್ತಿ ಮಂದಿ ಪದ್ಧತಿಲೇ! ವಕೀಲ ಮಂದಿಗೇನು ಗೊತ್ತು? ಅವರಲ್ಲಿ ಕಾಲ ಮುಟ್ಟಿದ್ರ ಸೋತಾಂಗ!”

“ಸೋಲೂದು ಹೆಂಗ? ಬೆನ್ನಿಗೆ ಮಣ್ಣ ಹತ್ತಿಲ್ಲಲ್ಲ.”

“ಹೋಗಿ ಅವರಿಗೆ ಹೇಳು!”

ಹೇಳಲು ಬರುವುದಿಲ್ಲವಲ್ಲ, ಅದಕ್ಕೆ ತೋರಿಸಿದೆ. ಹುಕ್ಕೇರಿ ಸಂತೆಯ ದಿನ ಗಾಡಿಯನ್ನು ನಡುಪೇಟೆಯಲ್ಲಿ ನಿಲ್ಲಿಸಿ, ಅದರ ಮೇಲೆ ಹತ್ತಿ, ಅಂಗಿ ಬಿಚ್ಚಿ ಮಂದಿಗೆ ಬೆನ್ನು ತಿರುಗಿಸಿ ನಿಂತೆ. ಮೊದಲು ಯಾರಿಗೂ ತಿಳಿಯಲಿಲ್ಲ. ಉಳ್ಳಾಗಡ್ಡಿ ಮಾರುವ ಮಲ್ಲವ್ವ ಎನ್ನುವವಳು ಬುಟ್ಟಿ ಬಿಟ್ಟು ಎದ್ದಳು. ಅವಳ ಗಂಡನೂ ಹಿಂದೆ ಕುಸ್ತಿ ಆಡಿದವನಂತೆ. ಗಾಡಿಯ ಮೂಕಿಮರ ಹಿಡಿದು ಮೇಲೆ ಹತ್ತಿ, ನನ್ನ ಬೆನ್ನ ಮೇಲೆ ಕುತ್ತಿಗೆಯಿಂದ ನಡುವಿನವರೆಗೆ ಅಂಗೈ ಸವರಿ, ಆ ಅಂಗೈಯನ್ನು ಮೇಲೆತ್ತಿ ಸಂತೆಗೆಲ್ಲ ತೋರಿಸಿದಳು.

“ನೋಡ್ರಿ! ಎಲ್ಲೈತಿ ಮಣ್ಣ? ಯಾವಾ ಅಂದಾಂವ ಪೈಲವಾನ ಬಿದ್ದಾನಂತ?”

ಸಂತೆ ಎದ್ದು ಕೂಗಿತು. ಆಮೇಲೆ ಪ್ರತಿ ಸಂತೆಯಲ್ಲೂ ಇದೇ ಆಯಿತು. “ಅಂಗಿ ತೆಗೀರಿ ಪೈಲವಾನ್ರ!” ಎಂದು ಮಂದಿಯೇ ಕೂಗುತ್ತಿದ್ದರು. ಚಳಿಯಲ್ಲಿ ನೆಗಡಿ ಹಿಡಿದು ನನಗೆ ಸಾಕುಬೇಕಾಯಿತು. ಆಗ ಓಟು ಇದ್ದದ್ದು ಹೊಲ ಇದ್ದವರಿಗೆ, ಓದು ಬಲ್ಲವರಿಗೆ. ಮಲ್ಲವ್ವನಿಗೆ ಓಟು ಇರಲಿಲ್ಲ. ಓಟು ಇದ್ದವರು ಅವಳ ಅಂಗೈ ನೋಡಿ ಹಾಕಿದರು. ಗೆದ್ದೆ.

ಮುಂಬಯಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿನ ಖುರ್ಚಿಗಳು ಬಹಳ ಮೆತ್ತಗೆ, ಅದೇ ತೊಂದರೆ. ಕುಳಿತ ಮೇಲೆ ಏಳಬೇಕೆನ್ನಿಸುವುದಿಲ್ಲ. ಮೊದಲ ಸಲ ಎದ್ದು ಕನ್ನಡದಲ್ಲಿ ಮಾತಾಡಿದೆ. ಸಭಾಪತಿಗಳು ತಲೆಯಾಡಿಸುತ್ತ ಕೇಳಿದರು. ಅವರಿಗೆ ಒಂದಕ್ಷರವೂ ತಿಳಿದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಓಟು ಹಾಕುವುದೆಂದರೆ ಅಲ್ಲಿ ಗಂಟೆ ಬಾರಿಸುತ್ತಾರೆ, ಒಪ್ಪುವವರು ಒಂದು ಬಾಗಿಲಿನಲ್ಲಿ, ಒಪ್ಪದವರು ಇನ್ನೊಂದರಲ್ಲಿ ಹೋಗಬೇಕು, ಆಮೇಲೆ ಬಾಗಿಲು ಹಾಕಿಬಿಡುತ್ತಾರೆ. ದವಾಖಾನೆಗಳ ಮಾತು ಬಂದ ದಿನ ಬಾಗಿಲಲ್ಲಿ ಒಬ್ಬ ಮುದುಕ ಮೆಂಬರರು ಎದುರಾದರು. ಹಿರಿಯರು ಮೊದಲು ಹೋಗಲಿ ಎಂದು ಸರಿದು ನಿಂತೆ. ಅವರ ಹಿಂದೆ ಇನ್ನೊಬ್ಬ ಹಿರಿಯರು, ಅವರ ಹಿಂದೆ ಮತ್ತೊಬ್ಬರು. ಎಲ್ಲ ಹಿರಿಯರೂ ಹೋದ ಮೇಲೆ ಬಾಗಿಲು ಮುಚ್ಚಿತು, ನಾನು ಹೊರಗೇ ಉಳಿದೆ. ಇಷ್ಟು ದಪ್ಪ ಮನುಷ್ಯ ಬಾಗಿಲ ಹೊರಗೆ ನಿಂತದ್ದು ಯಾರಿಗೂ ಕಾಣಲಿಲ್ಲವೇ ಎಂದು ಕಾವಲುಗಾರ ನಕ್ಕ. ಹುಡುಗರೇ, ತಾಲೀಮಿನ ರೀತಿ ಮನೆಯಲ್ಲಿ ಇಟ್ಟುಕೊಳ್ಳಿ, ಆ ಬಾಗಿಲಲ್ಲಿ ಮಾತ್ರ ಮುಂದೆ ನುಗ್ಗಿರಿ.

ಉಳಿದ ದಿನಗಳಲ್ಲಿ ಕಚೇರಿಗಳ ಹೊರಗೆ ಕಟ್ಟಿಗೆಯ ಬಾಕಿನ ಮೇಲೆ ಕುಳಿತೆ. ಗೋಕಾಕದ ಕರದಂಟಿನ ಡಬ್ಬಿ ಒಯ್ಯುತ್ತಿದ್ದೆ. ಡಬ್ಬಿ ಒಳಗೆ ಹೋಗುತ್ತಿತ್ತು, ನಾನು ಹೊರಗೆ ಉಳಿಯುತ್ತಿದ್ದೆ.

ಕೆಲಸ ಆದದ್ದು ಬಾಕಿನ ಮೇಲಲ್ಲ, ಹಳ್ಳದಲ್ಲಿ. ದವಾಖಾನೆ ಖಾತೆಯ ಮಂತ್ರಿಗಳು ನಮ್ಮ ಕಡೆ ತಿರುಗಾಟಕ್ಕೆ ಬಂದಿದ್ದರು, ನಾನೂ ದಸ್ತಗೀರನೂ ಜೊತೆಗೆ ಹೊರಟಿದ್ದೆವು. ತುಕ್ಕಾನಟ್ಟಿಯ ಅದೇ ಹಳ್ಳದಲ್ಲಿ ಅವರ ಮೋಟಾರು ಹೂತು ನಿಂತಿತು. ಮಳೆ ಕಡಿಮೆ ಇತ್ತು, ನೀರು ಗಾಲಿಯ ಮಟ್ಟಕ್ಕೆ. ಜೊತೆಗಿದ್ದ ಅಧಿಕಾರಿ ಅವಸರ ಮಾಡಿದ.

“ಪೈಲವಾನ, ದೂಡ್ರಿ! ಸಾಹೇಬರು ಬೆಳಗಾವಿಗೆ ಹೋಗಬೇಕು!”

ನೀರಿಗಿಳಿದು ಮೋಟಾರಿನ ಹಿಂದೆ ಎರಡೂ ಕೈ ಊರಿದೆ. ಊರಿದವನು ಹಾಗೇ ನಿಂತುಬಿಟ್ಟೆ. ಗಂಗವ್ವನ ಗಾಡಿ ನಿಂತ ದಂಡೆ ಎದುರಿಗೆ ಕಾಣುತ್ತಿತ್ತು.

“ದೂಡತೀನ್ರಿ ಸಾಹೇಬ್ರ,” ಎಂದೆ. “ನನ್ನ ಹೆಂಡತಿ ಇಲ್ಲೇ ಸತ್ತಳ್ರಿ. ಆ ಬನ್ನಿಗಿಡದ ಬುಡಕ ಗಾಡಿ ನಿಂತಿತ್ತು. ಕೂಸು ಗಾಡ್ಯಾಗ ಹುಟ್ಟಿತು. ನೀರ ಇಳೀಲಿಲ್ರಿ.”

ದಸ್ತಗೀರ ಅದನ್ನು ಅವರಿಗೆ ತಿಳಿಯುವ ಹಾಗೆ ಹಿಂದಿಯಲ್ಲಿ ಹೇಳಿದ. ಮಂತ್ರಿಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಗಿಡವನ್ನು ನೋಡಿದರು. ಮೋಟಾರಿನೊಳಗೆ ನೀರು ಬಂದು ಬೂಟು ತೊಯ್ಯುತ್ತಿದ್ದರೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ದೂಡಿದೆ. ಅಂದು ಹಿಡಿದ ನಡುನೋವು ಇನ್ನೂ ಬಿಟ್ಟಿಲ್ಲ, ಆದರೆ ಮುಂದಿನ ಬಜೆಟ್ಟಿನಲ್ಲಿ ನಮ್ಮ ಜಿಲ್ಲೆಗೆ ಒಂದು ಹೆರಿಗೆ ಮನೆ ಮಂಜೂರಾಯಿತು. ಒಂದೇ ಒಂದು. ಎಲ್ಲಿ ಕಟ್ಟಬೇಕು ಎಂಬುದು ಜಿಲ್ಲಾ ಬೋರ್ಡಿಗೆ ಬಿಟ್ಟದ್ದು, ಅಂದರೆ ವಕೀಲರಿಗೆ.

ಅಷ್ಟರಲ್ಲಿ ಲಡಾಯಿ, ಎರಡನೇ ಮಹಾಯುದ್ಧ, ಶುರುವಾಯಿತು. ಬಿಳಿಯರು ನಮ್ಮನ್ನು ಕೇಳದೆ ದೇಶವನ್ನು ಅದಕ್ಕೆ ಎಳೆದರೆಂದು ಮಂತ್ರಿಗಳು ರಾಜೀನಾಮೆ ಕೊಟ್ಟು ಎದ್ದರು, ಅಸೆಂಬ್ಲಿಗೆ ಬೀಗ ಬಿತ್ತು. ಹೆರಿಗೆ ಮನೆಯನ್ನು ಲಡಾಯಿ ಮುಗಿಯುವವರೆಗೆ ತಡೆಹಿಡಿದರು. ಇದು ನನ್ನ ಮೆಂಬರಕಿಯ ಬಹುಪಾಲು: ಬೀಗ ಹಾಕಿದ ಮನೆಯ ಮೆಂಬರ. ಸೀಮೆಎಣ್ಣೆಗೆ, ಜೋಳಕ್ಕೆ ಮಂದಿ ನನ್ನನ್ನು ಕರೆದುಕೊಂಡು ಕಚೇರಿಗೆ ಹೋಗುತ್ತಿದ್ದರು. ಪೈಲವಾನ ಬಂದಾನೆ ಎಂದು ಸಾಹೇಬರು ಖುರ್ಚಿ ಕೊಡುತ್ತಿದ್ದರು, ಜೋಳ ಕೊಡುತ್ತಿರಲಿಲ್ಲ. ತೋಳು ಇಳಿದವು, ಹೊಟ್ಟೆ ಏರಿತು. ಆ ಮಳೆಗಾಲಗಳಲ್ಲಿ ಗಾಡಿ ಹೂಡಿಕೊಂಡು ಗೋಕಾಕದ ಕಡೆ ಹೊರಟವರನ್ನು ಕಂಡಾಗಲೆಲ್ಲ ಒಳಗೆ ಹೋಗಿ ಕುಳಿತುಬಿಡುತ್ತಿದ್ದೆ. ಮನೆಯಲ್ಲಿ ನೀಲವ್ವ ಬೆಳೆಯುತ್ತಿದ್ದಳು. ಮೂಡಲಗಿಯಲ್ಲೇ ಸಂಬಂಧ ಕೂಡಿ ಬಂದು ಅವಳ ಮದುವೆಯೂ ಆಯಿತು.

ಲಡಾಯಿ ಮುಗಿದು ಮತ್ತೆ ಚುನಾವಣೆ ಬಂದಾಗ ವಕೀಲರು ಕರೆಕಳಿಸಿದರು. ಅದೇ ಪಡಸಾಲೆ, ಅದೇ ಚಹಾ.

“ಬರ್ರಿ ಪೈಲವಾನ್ರ, ಕುಂದರ್ರಿ. ನಿಮ್ಮ ಹೆರಿಗಿ ಮನಿ ಕಾಗದ ಹೊರಗ ಬಂದೈತಿ. ಬೋರ್ಡಿನವ್ರು ಯಮಕನಮರಡಿಗೆ ಇರಲಿ ಅಂತಾರ. ಹುಕ್ಕೇರಿ ಮಂದಿ ನಮಗ ಅಂತಾರ.”

“ಮೂಡಲಗಿರಿ?”

“ಮೂಡಲಗಿಗೆ ಯಾರೂ ಕೇಳಿಲ್ಲ, ನೀವೊಬ್ಬರನ್ನ ಬಿಟ್ಟು.” ಚಹಾದ ಬಟ್ಟಲು ಕೆಳಗಿಟ್ಟರು. “ನನಗೂ ವಯಸ್ಸಾತು. ಒಂದ ಸಲ ಮುಂಬಯಿ ನೋಡಬೇಕು ಅನ್ನೂ ಆಶಾ. ನೀವು ನಿಂತ್ರ ಅಂಗಿ ಬಿಚ್ಚತೀರಿ, ನಾ ಬಿಚ್ಚಾಕ ಆಗತೈತೇನ್ರಿ ಈ ಎದೀಲೆ? ನೀವು ನಿಲ್ಲಬ್ಯಾಡ್ರಿ. ಹೆರಿಗಿ ಮನಿ ಮೂಡಲಗಿಗೆ.”

ಸಿಟ್ಟು ಬರಲಿಲ್ಲ. ಸಿಟ್ಟು ಬರುವಷ್ಟು ಮೈಯಲ್ಲಿ ಏನೂ ಉಳಿದಿರಲಿಲ್ಲ. ಸೀದಾ ವಸ್ತಾದರ ಬಳಿ ಹೋದೆ. ಇಮಾಮಸಾಬರಿಗೆ ಕಣ್ಣು ಮಂಜಾಗಿತ್ತು, ಹತ್ತಿ ಹಿಂಜುವ ಬಿಲ್ಲು ಗೋಡೆಗೆ ತೂಗಿತ್ತು. ಎಲ್ಲ ಹೇಳಿದೆ.

“ಇದು ನೂರಾ ಕುಸ್ತಿ ಆಗತೈತಲ್ರಿ ವಸ್ತಾದ?”

ಅವರು ನನ್ನ ದನಿಯ ಕಡೆ ಮುಖ ತಿರುಗಿಸಿದರು. “ನೂರಾ ಕುಸ್ತಿ ಯಾಕ ಬ್ಯಾಡ ಅಂದೆ ನಾನು?”

“ನೋಡಾಕ ಬಂದವ್ರಿಗೆ ಮೋಸ ಅಂತ.”

“ಹಂಗಾದ್ರ ಅವರಿಗೆ ಹೇಳಿ ಬೀಳು. ಹುಕ್ಕೇರಿ ಸಂತ್ಯಾಗ ನಿಂತು, ನಾ ಬೀಳತೀನಿ, ಇದಕ್ಕ ಬೀಳತೀನಿ ಅನ್ನು. ಆಮ್ಯಾಲೆ ಅವರು ಏನ ಅಂದ್ರೂ ತಲಿ ತಗ್ಗಿಸಿ ಕೇಳು. ಆಗತೈತೇನು?”

“ಆಗತೈತ್ರಿ.”

“ಮುಂಬಯಿಗೆ ಹೋಗೂದಕ್ಕಿಂತ ಅದು ಕಠಿಣ ಐತಿ ಮಗನ. ವಿಚಾರ ಮಾಡು.”

ವಿಚಾರ ಮಾಡುವುದು ಏನೂ ಇರಲಿಲ್ಲ, ನೀಲವ್ವ ಇದ್ದಳು. ಮತ್ತೆ ರುಮಾಲು ಸುತ್ತಿ ಕಾಯಿ ಹಿಡಿದು, ಹಗಲಿನಲ್ಲೇ ಯಮಕನಮರಡಿಗೆ ಹೋಗಿ ವಕೀಲರ ಕಾಲು ಮುಟ್ಟಿದೆ. ಈ ಸಲ ಯಾರೂ ಸುದ್ದಿ ಹಬ್ಬಿಸಲಿಲ್ಲ. ನೋಡಿದವರೆಲ್ಲ ನಕ್ಕರು. “ಇದು ಪೈಲವಾನನ ಪದ್ಧತಿ. ನಾಳೆ ನೋಡ್ರಿ, ಸಂತ್ಯಾಗ ಅಂಗಿ ಬಿಚ್ಚತಾನ,” ಎಂದರು. ಮೊದಲ ಸಲ ಸೋಲದೆ ಕಾಲು ಮುಟ್ಟಿದಾಗ ಸೋತ ಎಂದಿದ್ದರು. ಈಗ ಸೋತು ಮುಟ್ಟಿದರೆ ಯಾರೂ ನಂಬಲಿಲ್ಲ.

ಹುಕ್ಕೇರಿ ಸಂತೆ ಕಿಕ್ಕಿರಿದಿತ್ತು. ನಾನು ಗಾಡಿ ಹತ್ತಿದ್ದೇ ತಡ, ಕೂಗು ಎದ್ದಿತು. “ಅಂಗಿ ತೆಗೀರಿ ಪೈಲವಾನ್ರ!” ಮಲ್ಲವ್ವ ಆಗಲೇ ಬುಟ್ಟಿ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಕಿಯ ಹತ್ತಿರ ಬಂದು ನಿಂತಿದ್ದಳು. ದಸ್ತಗೀರ ಮಾತಾಡಲು ಒಲ್ಲೆನೆಂದು ಎತ್ತಿನ ಮುಂದೆ ಹೋಗಿ ನಿಂತ. ನಾನೇ ಹೇಳಿದೆ.

“ನಾ ನಿಂತಿಲ್ರಿ. ವಕೀಲರಿಗೆ ಬಿಟ್ಟೇನಿ. ಮೂಡಲಗಿಗೆ ಹೆರಿಗಿ ಮನಿ ಕೊಡತಾರ, ಅದಕ್ಕ ಬಿಟ್ಟೇನಿ.”

ಯಾರೋ ಹಿಂದಿನಿಂದ, “ಎಷ್ಟಕ್ಕ ಮಾರಿಕೊಂಡ್ಯೋ?” ಎಂದು ಕೂಗಿದ. ನಾನು ತಲೆ ತಗ್ಗಿಸಿ ನಿಂತೆ. ಮಲ್ಲವ್ವ ಮೂಕಿಯಿಂದ ಕೈ ತೆಗೆದಳು.

“ಆಮ್ಯಾಲೆ ಹುಕ್ಕೇರಿಗೆ ಅಂದಿದ್ದೆಲ್ಲೋ ಯಪ್ಪಾ? ನಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನು?”

“ಒಂದ ಕೊಟ್ಟಾರವ್ವಾ.”

“ಒಂದಿದ್ರ ನಿನ್ನ ಊರಿಗೇ?”

ಅಂಗಿಯ ಗುಂಡಿಗೆ ನನ್ನ ಕೈ ತಾನೇ ಹೋಗಿತ್ತು, ರೂಢಿ ಅದು. ಅವಳು ನೋಡಿದಳು.

“ಅಂಗಿ ತೆಗೀಬ್ಯಾಡ ಬಿಡಪಾ,” ಎಂದು ಹೊಳ್ಳಿ ಬುಟ್ಟಿಯ ಮುಂದೆ ಕುಳಿತಳು.

ವಕೀಲರು ಗೆದ್ದರು. ಅವರ ಮಾತು ಅವರು ಉಳಿಸಿಕೊಂಡರು, ಅದನ್ನು ಬರೆಯಲೇಬೇಕು. ಕಲ್ಲಿನ ಗೋಡೆ, ಮೇಲೆ ಹಂಚು, ಒಬ್ಬ ನರ್ಸಬಾಯಿ, ಸಾಲಾಗಿ ಕಬ್ಬಿಣದ ಮಂಚಗಳು. ಬಾಗಿಲ ಮೇಲಿನ ಕಲ್ಲಿನಲ್ಲಿ ವಕೀಲರ ಹೆಸರಿದೆ. ಇರಲಿ, ಚಂದ ಕೆತ್ತಿದ್ದಾರೆ. ಅಂದಿನಿಂದ ಹುಕ್ಕೇರಿಗೆ ನಾನು ಹೋಗಿಲ್ಲ. ದಾರಿಯಲ್ಲಿ ಕಂಡ ಅಲ್ಲಿನ ಮಂದಿ, ಪೈಲವಾನನ ಬೆನ್ನಿಗೆ ಮಣ್ಣು ಹತ್ತಿತು ಎಂದು ನನಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ವಸ್ತಾದರು ಹೇಳಿದ ಹಾಗೆ ಕೇಳಿಕೊಂಡೆ.

ಈ ಸಲದ ಮಳೆಗೂ ತುಕ್ಕಾನಟ್ಟಿ ಹಳ್ಳ ತುಂಬಿದೆ. ನಿನ್ನೆ ಮುಂಜಾನೆ ನೀಲವ್ವನಿಗೆ ನೋವು ಬಂದಾಗ ನಾವು ಆ ಕಡೆ ಹೋಗಲೇ ಇಲ್ಲ. ಅವಳು ನಡೆದುಕೊಂಡೇ ಹೆರಿಗೆ ಮನೆಗೆ ಹೋದಳು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಮಳೆ ನೋಡಿದೆ. ಬೀಳಲಿ, ಎಷ್ಟು ಬೇಕೋ ಅಷ್ಟು ಬೀಳಲಿ ಅಂದೆ. ಮಧ್ಯಾಹ್ನದ ಹೊತ್ತಿಗೆ ಆ ದನಿ ಕೇಳಿತು ನೋಡಿರಿ, ನನ್ನ ರಾಣಿಯ ದನಿ!

ನರ್ಸಬಾಯಿ ಕೂಸನ್ನು ಕೈಗೆ ಕೊಟ್ಟಾಗ ನನಗೆ ಹಿಡಿಯಲು ಬರಲಿಲ್ಲ. “ಪೈಲವಾನ ಅಜ್ಜಾ, ಅದು ಕುಸ್ತಿ ಅಲ್ರಿ, ಮೆತ್ತಗ ಹಿಡೀರಿ,” ಎಂದು ಬೈದಳು. ಪಕ್ಕದ ಮಂಚದ ಬಳಿ ಒಬ್ಬ ಮುದುಕಿ ಎದ್ದು ನಿಂತಳು. ಮಲ್ಲವ್ವ. ಮೋಟಾರು ಬಸ್ಸು ಬದಲಿಸಿಕೊಂಡು, ಮಳೆ ಹಿಡಿಯುವ ಮೊದಲೇ ಹುಕ್ಕೇರಿಯಿಂದ ಮೊಮ್ಮಗನ ಹೆಂಡತಿಯನ್ನು ಕರೆತಂದು, ದಿನ ತುಂಬುವುದನ್ನು ಕಾಯುತ್ತ ಇಲ್ಲೇ ಇದ್ದಾಳೆ. ಅಷ್ಟು ದೂರದಿಂದ. ಹುಕ್ಕೇರಿಗೆ ಇನ್ನೂ ಆಗಿಲ್ಲವಲ್ಲ. ಹುಡುಗರೇ, ಮುಂಬಯಿಗೆ ಹೋಗುವವರು ಯಾರೇ ಇರಲಿ, ಮೊದಲು ಅದನ್ನು ಮಾಡಿರಿ. ಅದು ನನ್ನ ಮಾತು, ಹಾಗೇ ಉಳಿದಿದೆ.

ಮಲ್ಲವ್ವ ಹತ್ತಿರ ಬಂದು ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು, ತನ್ನ ತೋಳಿನ ಮೇಲೆ ಬೋರಲು ಮಲಗಿಸಿ, ಅರಿವೆ ಸರಿಸಿದಳು. ಆ ಇಷ್ಟೇ ಇಷ್ಟು ಬೆನ್ನಿನ ಮೇಲೆ, ಕುತ್ತಿಗೆಯಿಂದ ಕೆಳಗಿನವರೆಗೆ, ಮೆಲ್ಲಗೆ ಅಂಗೈ ಸವರಿದಳು. ಆಮೇಲೆ ಆ ಅಂಗೈಯನ್ನು ಮೇಲೆತ್ತಿ ನನಗೆ ತೋರಿಸಿದಳು.